ಕಡತದಿಂದ ಗಣಕಕ್ಕೆ: ಹಳೆಯ ಬೆಂಗಳೂರಿನ ದಾಖಲೆ ಪರಂಪರೆ ಮತ್ತು ವಿದ್ಯುನ್ಮಾನ ಆಡಳಿತ

೧. ಪ್ರವೇಶಿಕೆ

ಯಾವ ನೆಲ ಯಾರದು, ಯಾವ ಮನೆಯ ಎಲ್ಲೆ ಎಲ್ಲಿಗೆ ಮುಗಿಯುತ್ತದೆ, ಯಾರಿಂದ ಏನು ಬರಬೇಕು, ಯಾರಿಗೆ ಏನು ಸಲ್ಲಬೇಕು ಎಂಬುದನ್ನು ಬರೆದಿಡುವ ಕೆಲಸದಿಂದಲೇ ಆಡಳಿತ ಆರಂಭವಾಗುತ್ತದೆ. ಆದರೆ ಕನ್ನಡ ನಾಡಿನ ಸಮಾಜದಲ್ಲಿ ಈ ತಿಳಿವಳಿಕೆ ಎಂದೂ ಬರವಣಿಗೆಯಲ್ಲಿ ಮಾತ್ರ ಇದ್ದುದಲ್ಲ. ಅದರ ದೊಡ್ಡ ಪಾಲು ಊರಿನ ಹಿರಿಯರ ನೆನಪಿನಲ್ಲಿ, ಹೊಲಗಳ ಹೆಸರುಗಳಲ್ಲಿ, ನೆರೆಹೊರೆಯವರ ಸಾಕ್ಷಿಯಲ್ಲಿ ಉಳಿದುಬಂದಿತ್ತು. ಬರೆದ ದಾಖಲೆ ಮತ್ತು ಬಾಯಿಮಾತಿನ ದಾಖಲೆ ಒಂದನ್ನೊಂದು ತಿದ್ದುತ್ತ, ಕೆಲವೊಮ್ಮೆ ಒಂದರೊಡನೊಂದು ಜಗಳವಾಡುತ್ತ ಜೊತೆಯಾಗಿಯೇ ಸಾಗಿಬಂದಿವೆ.

ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ವಿದ್ಯುನ್ಮಾನ ಆಡಳಿತವನ್ನು ಕಟ್ಟುವ ಬಗೆಯನ್ನು ಅರ್ಥಶಾಸ್ತ್ರಜ್ಞರೂ ತಂತ್ರಜ್ಞರೂ ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಗಣಕದೊಳಗೆ ಹೋಗುವ ಹೆಸರು, ಎಲ್ಲೆ, ನಂಟು, ಹಕ್ಕು ಇವೆಲ್ಲ ಜನಪದರ ನಿತ್ಯಬದುಕಿನ ಸಂಗತಿಗಳಾದುದರಿಂದ ಜಾನಪದ ಅಧ್ಯಯನಕ್ಕೂ ಈ ಚರ್ಚೆಯಲ್ಲಿ ಪಾಲಿದೆ. ಚಾಮರಾಜಪೇಟೆ, ಬಸವನಗುಡಿ ಮತ್ತು ಮಲ್ಲೇಶ್ವರಗಳನ್ನು ಕೇಂದ್ರವಾಗಿಟ್ಟುಕೊಂಡು, ಅಗತ್ಯವಿದ್ದೆಡೆ ಒಟ್ಟು ಕರ್ನಾಟಕದ ಅನುಭವವನ್ನು ಗಮನಿಸಿ, ಈ ಪಾಲನ್ನು ಗುರುತಿಸುವ ಪ್ರಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ.

೨. ಕಡತ ಮತ್ತು ಶ್ಯಾನುಭೋಗ

ಇಂದು ಸರಕಾರಿ ಕಚೇರಿಗಳಲ್ಲಿ ‘ಕಡತ’ವೆಂದರೆ ಕಾಗದಪತ್ರಗಳ ಕಟ್ಟು. ಅದು ಗಣಕದ ಪರದೆಯ ಮೇಲೆ ಬಂದರೂ ಹೆಸರು ಬದಲಾಗಿಲ್ಲ. ಮೂಲದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಹಾಳೆಗಳ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಅಮೂಲ್ಯವಾದ ಆಕರಗಳಾಗಿವೆ. ಕಡತದ ವಿಶೇಷವೆಂದರೆ ಅದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಅಳಿಸಬಹುದಾದ ದಾಖಲೆಯನ್ನು ಸಮಾಜ ನಂಬಿದ್ದು ಬರೆದವನನ್ನೂ ಬರೆದದ್ದನ್ನೂ ಬಲ್ಲ ಜನ ಸುತ್ತಮುತ್ತ ಇದ್ದರೆಂಬ ಕಾರಣದಿಂದ. ದಾಖಲೆಯ ಬಲ ಅದನ್ನು ಓದಿ ಹೇಳುವವನ ಮಾತಿನಲ್ಲಿಯೂ ಅದನ್ನು ಕೇಳುವ ಹತ್ತು ಜನರ ನೆನಪಿನಲ್ಲಿಯೂ ಹಂಚಿಹೋಗಿತ್ತು.

ಈ ವ್ಯವಸ್ಥೆಯ ನಡುವೆ ನಿಂತವನು ಶ್ಯಾನುಭೋಗ. ಊರಿನ ಲೆಕ್ಕ ಅವನ ಮನೆಯಲ್ಲಿ ವಂಶಪಾರಂಪರ್ಯವಾಗಿ ಇರುತ್ತಿತ್ತು. ಅವನ ಜ್ಞಾನ ಊರಿಗೆ ಎಷ್ಟು ಅನಿವಾರ್ಯವೋ ಅವನ ಅಧಿಕಾರ ಅಷ್ಟೇ ಭಯದ ವಸ್ತುವೂ ಆಗಿತ್ತು. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಗುಡಿಯನ್ನು ಕುರಿತು ಹುಟ್ಟಿದ್ದರೂ ಕಚೇರಿಯ ಬಾಗಿಲಲ್ಲಿ ಹೆಚ್ಚು ಬಳಕೆಯಾಗಲು ಈ ಅನುಭವವೇ ಕಾರಣ. ಮೈಸೂರು ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮ ೧೯೬೧ರಲ್ಲಿ ರೂಪುಗೊಂಡು ೧೯೬೩ರಲ್ಲಿ ಜಾರಿಗೆ ಬಂದ ಮೇಲೆ ವಂಶಪಾರಂಪರ್ಯದ ಹುದ್ದೆ ಹೋಯಿತು. ಸರಕಾರ ನೇಮಿಸಿದ ಗ್ರಾಮಲೆಕ್ಕಿಗ ಬಂದನು. ಹುದ್ದೆ ಬದಲಾದರೂ ದಾಖಲೆ ಒಬ್ಬನ ಕೈಯಲ್ಲಿಯೇ ಉಳಿಯಿತು. ಗಣಕೀಕರಣ ಮೊದಲು ಕೈಹಾಕಿದ್ದು ಈ ಗಂಟಿಗೆ.

೩. ‘ಭೂಮಿ’ ಯೋಜನೆ: ಸಾಧನೆ ಮತ್ತು ಮಿತಿ

ಕರ್ನಾಟಕದ ಕಂದಾಯ ಇಲಾಖೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಕೈಗೊಂಡ ‘ಭೂಮಿ’ ಯೋಜನೆ ೨೦೦೧–೦೨ರ ವೇಳೆಗೆ ರಾಜ್ಯದ ಅಂದಿನ ೧೭೭ ತಾಲೂಕುಗಳನ್ನು ವ್ಯಾಪಿಸಿತು. ಸುಮಾರು ೬೭ ಲಕ್ಷ ಭೂಹಿಡುವಳಿದಾರರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ರೈತನು ತಾಲೂಕು ಕಚೇರಿಯ ಕಿಂಡಿಯಲ್ಲಿ ೧೫ ರೂಪಾಯಿ ಕೊಟ್ಟು ಮುದ್ರಿತ ಪಹಣಿಯನ್ನು ಪಡೆಯಬಹುದಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಅಳವಡಿಸಲಾಯಿತು. ಯಾವ ಅಧಿಕಾರಿ ಯಾವ ಬದಲಾವಣೆ ಮಾಡಿದನೆಂಬುದು ಅವನ ಬೆರಳಚ್ಚಿನೊಡನೆ ದಾಖಲಾಗತೊಡಗಿತು. ಲೆಕ್ಕಿಗನ ಮನೆಯ ಜಗುಲಿಯಲ್ಲಿ ದಿನಗಟ್ಟಲೆ ಕಾಯುವ ಸ್ಥಿತಿಯಿಂದ ರೈತನನ್ನು ಬಿಡಿಸಿದ ಈ ಯೋಜನೆ ದೇಶದ ಒಳಗೂ ಹೊರಗೂ ಮಾದರಿಯೆನಿಸಿತು.

ಆದರೆ ಗಣಕಕ್ಕೆ ಸೇರಿದ್ದು ಅಂದು ಪುಸ್ತಕದಲ್ಲಿ ಏನಿತ್ತೋ ಅದು ಮಾತ್ರ. ಅಣ್ಣತಮ್ಮಂದಿರು ಹಿರಿಯರ ಎದುರಿನಲ್ಲಿ ಬಾಯಿಮಾತಿನಿಂದ ಹಂಚಿಕೊಂಡ ನೆಲ, ನೋಂದಣಿಯಾಗದ ಪಾಲುಪಾರೀಕತ್ತಿನಲ್ಲಿ ಉಳಿದ ಭಾಗ, ತೀರಿಹೋದ ಅಜ್ಜನ ಹೆಸರಿನಲ್ಲಿಯೇ ನಿಂತ ಖಾತೆ ಇವು ಗಣಕದಲ್ಲಿಯೂ ಹಾಗೆಯೇ ನಿಂತವು. ಊರಿನಲ್ಲಿ ಎಲ್ಲರಿಗೂ ತಿಳಿದ ಸತ್ಯಕ್ಕೂ ಮುದ್ರಿತ ಪಹಣಿಗೂ ನಡುವಿನ ಅಂತರ ಮೊದಲು ಲೆಕ್ಕಿಗನ ವಿವೇಚನೆಯಲ್ಲಿ ಹೇಗೋ ತುಂಬಿಕೊಳ್ಳುತ್ತಿತ್ತು. ಈಗ ಅದು ಸ್ಪಷ್ಟವಾದ ಬಿರುಕಾಗಿ ಕಾಣಿಸಿತು. ಪೌತಿ ಖಾತೆಗಾಗಿ ಸರಕಾರ ವಿಶೇಷ ಆಂದೋಲನಗಳನ್ನು ನಡೆಸಬೇಕಾಗಿ ಬಂದುದರ ಹಿನ್ನೆಲೆ ಇದು. ‘ಭೂಮಿ’ಯನ್ನು ಕುರಿತ ೨೦೦೭ರ ಅಧ್ಯಯನ ಪ್ರಬಂಧವೊಂದರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು, ದಾಖಲೆಗಳ ಕೇಂದ್ರೀಕರಣದಿಂದ ಬೆಂಗಳೂರಿನ ಸುತ್ತಣ ನೆಲದ ಮೇಲೆ ಕಣ್ಣಿಟ್ಟ ದೊಡ್ಡ ಹಿತಾಸಕ್ತಿಗಳಿಗೆ ಅನುಕೂಲವಾಯಿತೆಂದು ವಾದಿಸಿದರು. ಈ ವಾದವನ್ನು ಪೂರ್ಣವಾಗಿ ಒಪ್ಪದವರೂ ಅದು ಎತ್ತಿದ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ: ದಾಖಲೆ ಎಲ್ಲರಿಗೂ ಕಾಣುವಂತಾದಾಗ ಅದನ್ನು ಬಳಸಿಕೊಳ್ಳುವ ಶಕ್ತಿ ಎಲ್ಲರಿಗೂ ಸಮನಾಗಿರುತ್ತದೆಯೇ?

ಪಹಣಿಯ ಶಬ್ದಭಂಡಾರವೂ ಗಮನಾರ್ಹ. ಪಹಣಿ, ಖರಾಬು, ಹದ್ದುಬಸ್ತು, ಜಮಾಬಂದಿ, ಪೋಡಿ, ತರಿ, ಖುಷ್ಕಿ, ಬಾಗಾಯ್ತು ಮುಂತಾದ ಮರಾಠಿ, ಪಾರಸಿ, ಅರಬ್ಬಿ ಮೂಲದ ಮಾತುಗಳು ಶತಮಾನಗಳ ಬಳಕೆಯಿಂದ ಓದುಬರಹ ತಿಳಿಯದ ರೈತನ ನಾಲಗೆಗೂ ಒಗ್ಗಿಹೋಗಿವೆ. ಗಣಕೀಕರಣದಲ್ಲಿ ಈ ಮಾತುಗಳನ್ನು ಉಳಿಸಿಕೊಂಡದ್ದು ‘ಭೂಮಿ’ ಜನರಿಗೆ ಬೇಗ ಪರಿಚಿತವಾಗಲು ನೆರವಾಯಿತು. ಆದರೆ ‘ಕಟ್ಟೆ ಕೆಳಗಿನ ಗದ್ದೆ’, ‘ಬಸವಣ್ಣನ ಹೊಲ’ ಎಂಬಂತಹ ಹೊಲದ ಹೆಸರುಗಳಿಗೆ ಸರ್ವೆ ನಂಬರಿನ ಲೋಕದಲ್ಲಿ ಜಾಗ ದೊರೆಯಲಿಲ್ಲ. ಮುಂದಿನ ತಲೆಮಾರಿಗೆ ನೆಲದ ಗುರುತು ಅಂಕಿಯಾಗಿ ಮಾತ್ರ ಉಳಿಯುವ ಸಂಭವವಿದೆ.

೪. ಗಣಕಕ್ಕೆ ಕನ್ನಡ

ಆಡಳಿತವನ್ನು ಗಣಕಕ್ಕೆ ತರುವ ಮುನ್ನ ಗಣಕಕ್ಕೆ ಕನ್ನಡವನ್ನು ತರಬೇಕಾಗಿತ್ತು. ಕರ್ನಾಟಕ ರಾಜಭಾಷಾ ಅಧಿನಿಯಮ ಬಂದದ್ದು ೧೯೬೩ರಲ್ಲಿ. ಕಚೇರಿಗಳು ಕನ್ನಡ ಬೆರಳಚ್ಚು ಯಂತ್ರಕ್ಕೆ ಹೊಂದಿಕೊಳ್ಳುತ್ತಿದ್ದ ಕಾಲದಲ್ಲಿಯೇ ಗಣಕಗಳು ಬಂದುದರಿಂದ ಆಡಳಿತ ಮತ್ತೆ ಇಂಗ್ಲಿಷಿಗೆ ಮರಳುವ ಅಪಾಯ ಎದುರಾಯಿತು. ಕೆ.ಪಿ. ರಾವ್ ಅವರು ಕನ್ನಡ ವರ್ಣಮಾಲೆಯ ಧ್ವನಿತರ್ಕವನ್ನೇ ಆಧರಿಸಿದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. ವ್ಯಂಜನ, ಸ್ವರ, ಒತ್ತಕ್ಷರಗಳನ್ನು ಬಾಲಕರು ಕಾಗುಣಿತ ಕಲಿಯುವ ಕ್ರಮದಲ್ಲಿಯೇ ಕೂಡಿಸಬಹುದಾದ ಈ ವಿನ್ಯಾಸವೇ ಮುಂದೆ ರಾಜ್ಯ ಸರಕಾರದ ಅಧಿಕೃತ ವಿನ್ಯಾಸಕ್ಕೆ ಆಧಾರವಾಯಿತು. ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸರಕಾರಿ ಕಚೇರಿಗಳನ್ನು ಪ್ರವೇಶಿಸಿತು.

ಆದರೆ ಈ ಹಂತದ ತಂತ್ರಾಂಶಗಳಲ್ಲಿ ಅಕ್ಷರದ ಸಂಕೇತ ಅಕ್ಷರಶೈಲಿಗೆ ಕಟ್ಟುಬಿದ್ದಿತ್ತು. ಒಂದು ಕಚೇರಿಯಲ್ಲಿ ಸಿದ್ಧವಾದ ಪತ್ರ ಇನ್ನೊಂದು ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. ಹೆಸರುಗಳನ್ನು ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಕಷ್ಟವಾಗಿತ್ತು. ಯೂನಿಕೋಡ್ ಶಿಷ್ಟತೆಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ರಾಜ್ಯ ಸರಕಾರ ಅದನ್ನು ಅಧಿಕೃತವಾಗಿ ಅಂಗೀಕರಿಸಿದ್ದು ೨೦೧೨ರಲ್ಲಿ, ಡಾ. ಚಿದಾನಂದ ಗೌಡ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ. ಈ ನಡುವಿನ ಎರಡು ದಶಕಗಳು ತಂತ್ರಜ್ಞಾನದ ಸಾಮರ್ಥ್ಯವೆಂದರೆ ಯಂತ್ರಗಳನ್ನು ಕೊಳ್ಳುವ ಶಕ್ತಿಯೆಂಬ ಭ್ರಮೆಯನ್ನು ಕಳೆಯಬೇಕು. ಯಂತ್ರ ಹೊರಗಿನಿಂದ ಬರಬಹುದು. ಕಾಗುಣಿತವನ್ನು ಬಲ್ಲವರು ಮಾತ್ರ ಅದಕ್ಕೆ ಕಾಗುಣಿತ ಕಲಿಸಬಲ್ಲರು.

ಈ ತಿಳಿವು ಹಳೆಯ ಬೆಂಗಳೂರಿಗೆ ಹೊಸದೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ನಗರಕ್ಕೆ ೧೯೧೭ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಿತು. ಅದಕ್ಕೆ ಎರಡು ವರ್ಷ ಮೊದಲು, ೧೯೧೫ರಲ್ಲಿ, ಇಂದು ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗಿತ್ತು. ಪರಿಷತ್ತಿನ ಹುಟ್ಟಿಗೆ ಪ್ರೇರಣೆ ದೊರೆತದ್ದು ರಾಜ್ಯದ ಆರ್ಥಿಕಾಭಿವೃದ್ಧಿಗಾಗಿ ಏರ್ಪಟ್ಟ ಮೈಸೂರು ಸಂಪದಭ್ಯುದಯ ಸಮಾಜದಿಂದ. ಕೈಗಾರಿಕೆ, ಶಿಕ್ಷಣ, ಭಾಷೆ ಒಂದೇ ಅಭ್ಯುದಯದ ಅಂಗಗಳೆಂದು ಭಾವಿಸಿದ ಆ ದೃಷ್ಟಿ, ಭಾಷೆಯನ್ನು ಕೊನೆಯಲ್ಲಿ ಅಂಟಿಸುವ ಇಂದಿನ ಅನೇಕ ಯೋಜನೆಗಳಿಗಿಂತ ಮುಂದಿತ್ತೆಂದೇ ಹೇಳಬೇಕು.

೫. ಬಡಾವಣೆ, ಚೆಕ್ಕುಬಂದಿ ಮತ್ತು ಖಾತೆ

ಚಾಮರಾಜಪೇಟೆ ೧೮೯೨ರಲ್ಲಿ ರೂಪುಗೊಂಡ ಬಡಾವಣೆ. ೧೮೯೮ರ ಪ್ಲೇಗು ಹಳೆಯ ಪೇಟೆಯನ್ನು ತತ್ತರಗೊಳಿಸಿದಾಗ ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೆಳೆದವು. ಪ್ಲೇಗು ನಿಯಂತ್ರಣದ ಕೆಲಸವನ್ನು ಹೊಂದಿಸಲು ನಗರದಲ್ಲಿ ದೂರವಾಣಿ ತಂತಿಗಳನ್ನು ಎಳೆಯಲಾಯಿತು. ೧೯೦೫ರಲ್ಲಿ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಅಳತೆಗೋಲಿನಿಂದ ಗೆರೆ ಎಳೆದು, ನಿವೇಶನಗಳಿಗೆ ಸಂಖ್ಯೆ ಕೊಟ್ಟು ನಿರ್ಮಿಸಿದ ಈ ಬಡಾವಣೆಗಳು ಹುಟ್ಟಿನಿಂದಲೇ ದಾಖಲೆಗೆ ಒಗ್ಗುವಂತಹವು.

ಹಾಗಿದ್ದರೂ ಗೆರೆಗಳ ಕೆಳಗೆ ಹಳ್ಳಿಗಳಿವೆ. ಬಸವನಗುಡಿಯ ದೊಡ್ಡಬಸವಣ್ಣನ ಗುಡಿಯಿರುವುದು ಸುಂಕೇನಹಳ್ಳಿಯ ನೆಲದಲ್ಲಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯ ಐತಿಹ್ಯ ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಮೊದಲಾದ ಹಳ್ಳಿಗಳ ರೈತರನ್ನು, ಅವರ ಬೆಳೆಯನ್ನು ಮೇಯುತ್ತಿದ್ದ ಬಸವನನ್ನು ನೆನೆಯುತ್ತದೆ. ಈ ನೆಲ ಕಡಲೆಕಾಯಿ ಬೆಳೆಯುವ ಖುಷ್ಕಿಯಾಗಿತ್ತೆಂಬ ಕೃಷಿ ಇತಿಹಾಸ ನಗರದ ಜನರ ತಿಳಿವಳಿಕೆಯಲ್ಲಿ ಉಳಿದಿರುವುದು ಪರಿಷೆಯ ಮೂಲಕ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಾಲಯದ ಬಳಿಯ ೧೬೬೯ರ ಶಾಸನ ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ವೆಂಕೋಜಿ ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ಐತಿಹ್ಯ ಒಂದು ಬಗೆಯ ದಾಖಲೆ, ಶಾಸನ ಇನ್ನೊಂದು ಬಗೆಯದು. ಎರಡೂ ನೆಲದ ಹಕ್ಕನ್ನು ಸಾರ್ವಜನಿಕ ನೆನಪಿನಲ್ಲಿ ಊರುವ ವಿಧಾನಗಳೇ.

ದಾನಶಾಸನಗಳ ಭಾಷೆ ಕ್ರಯಪತ್ರಗಳಲ್ಲಿ ಇಂದಿಗೂ ಜೀವಂತವಾಗಿದೆ. ‘ಆಚಂದ್ರಾರ್ಕವಾಗಿ’, ‘ಪುತ್ರಪೌತ್ರ ಪಾರಂಪರ್ಯವಾಗಿ’, ‘ನಿಧಿ ನಿಕ್ಷೇಪ ಜಲ ತರು ಪಾಷಾಣ’ ಎಂಬ ಸಿದ್ಧನುಡಿಗಟ್ಟುಗಳು ಶಾಸನದ ಕಲ್ಲಿನಿಂದ ಛಾಪಾಕಾಗದಕ್ಕೆ ಇಳಿದುಬಂದಿವೆ. ಇವುಗಳನ್ನು ಕಾಪಾಡಿಕೊಂಡು ಬಂದವರು ಉಪನೋಂದಣಾಧಿಕಾರಿ ಕಚೇರಿಯ ಬಳಿ ಕುಳಿತ ಪತ್ರಬರಹಗಾರರು. ಇವರ ವೃತ್ತಿಗೆ ೧೯೭೯ರ ನಿಯಮಗಳ ಅಡಿಯಲ್ಲಿ ಪರವಾನಗಿಯ ವ್ಯವಸ್ಥೆಯೂ ಏರ್ಪಟ್ಟಿತು. ಸ್ವತ್ತಿನ ಚೆಕ್ಕುಬಂದಿಯನ್ನು, ಅಂದರೆ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ, ಉತ್ತರಕ್ಕೆ ಯಾವ ಗಲ್ಲಿ, ದಕ್ಷಿಣಕ್ಕೆ ಯಾರ ಗೋಡೆ ಎಂಬುದನ್ನು ಬರೆಯುವಾಗ, ಸ್ವತ್ತು ಗುರುತಾಗುವುದು ನೆರೆಯವರ ಮೂಲಕ. ನಿವೇಶನದ ಅಸ್ತಿತ್ವಕ್ಕೆ ನೆರೆಹೊರೆಯೇ ಸಾಕ್ಷಿ ಎಂಬ ಜನಪದ ತರ್ಕ ಇಲ್ಲಿದೆ.

ನಗರದ ಸ್ವತ್ತಿನ ಗಣಕೀಕರಣ ಹಂತ ಹಂತವಾಗಿ ನಡೆಯಿತು. ೨೦೦೦ದಲ್ಲಿ ಬೆಂಗಳೂರಿನ ನಾಗರಿಕರು ಆಸ್ತಿತೆರಿಗೆಯನ್ನು ತಾವೇ ಲೆಕ್ಕಹಾಕಿ ಸಲ್ಲಿಸುವ ಪದ್ಧತಿ ಬಂದಿತು. ೨೦೦೩ರಲ್ಲಿ ‘ಕಾವೇರಿ’ ತಂತ್ರಾಂಶ ನೋಂದಣಿ ಕಚೇರಿಗಳಿಗೆ ಬಂದಿತು. ೨೦೨೩ರಲ್ಲಿ ಅದರ ಎರಡನೆಯ ರೂಪ ಜಾರಿಯಾಗಿ, ಪಕ್ಷಕಾರರು ವಿವರಗಳನ್ನು ಮುಂಚಿತವಾಗಿ ತಾವೇ ತುಂಬುವಂತಾಯಿತು. ೨೦೨೪ರಲ್ಲಿ ನಗರದ ಸ್ವತ್ತಿನ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ತಲೆಮಾರುಗಳಿಂದ ಒಂದೇ ಮನೆಯಲ್ಲಿ ಪಾಲಾಗದೆ ಬಾಳುತ್ತಿರುವ ಹಳೆಯ ಬಡಾವಣೆಗಳ ಕುಟುಂಬಗಳಿಗೆ ಇದು ಸುಲಭವಾದ ಸಂಗತಿಯಲ್ಲ. ಅಜ್ಜನ ಹೆಸರಿನ ಖಾತೆ, ಕಳೆದುಹೋದ ಮೂಲಪತ್ರ, ಬೇರೆ ಊರುಗಳಲ್ಲಿ ನೆಲಸಿದ ವಾರಸುದಾರರು ಇವೆಲ್ಲ ಒಮ್ಮೆಗೇ ಲೆಕ್ಕಕ್ಕೆ ಬರುತ್ತವೆ. ಮನೆಯ ಹೆಣ್ಣುಮಕ್ಕಳ ಪಾಲಿನ ಪ್ರಶ್ನೆಯೂ ಆಗಲೇ ಎದ್ದು ನಿಲ್ಲುತ್ತದೆ. ಬಾಯಿಮಾತಿನ ವ್ಯವಸ್ಥೆ ಮುಚ್ಚಿಟ್ಟಿದ್ದ ಅನ್ಯಾಯವನ್ನು ಬರೆಯುವ ವ್ಯವಸ್ಥೆ ಹೊರಗೆಡಹುವುದೂ ಉಂಟು. ಆದುದರಿಂದ ಮೌಖಿಕ ಪರಂಪರೆಯನ್ನು ಕೇವಲ ಹಂಬಲದಿಂದ ನೋಡುವುದು ಸರಿಯಲ್ಲ.

೬. ಹೆಸರಿನ ಸಮಸ್ಯೆ

ಗಣಕದ ದತ್ತಸಂಚಯ ಒಬ್ಬ ವ್ಯಕ್ತಿಗೆ ಒಂದು ಹೆಸರು, ಒಂದು ಕಾಗುಣಿತ ಇರುತ್ತದೆಂದು ಭಾವಿಸುತ್ತದೆ. ಕನ್ನಡ ಜನಪದರ ನಾಮಪದ್ಧತಿ ಹಾಗಿಲ್ಲ. ಬಸವನಗುಡಿಯಲ್ಲಿ ೧೯೪೫ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ ಡಿ.ವಿ. ಗುಂಡಪ್ಪನವರ ಹೆಸರನ್ನೇ ನೋಡಬಹುದು: ಊರು ದೇವನಹಳ್ಳಿ, ತಂದೆ ವೆಂಕಟರಮಣಯ್ಯ, ಕೊನೆಯಲ್ಲಿ ಸ್ವಂತ ಹೆಸರು. ಕೊನೆಯ ಹೆಸರು ಕುಲನಾಮವೆಂದು ತಿಳಿಯುವ ಪಾಶ್ಚಾತ್ಯ ನಮೂನೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಮನೆಯಲ್ಲಿ ಪುಟ್ಟಮ್ಮ, ಪಡಿತರ ಚೀಟಿಯಲ್ಲಿ ಲಕ್ಷ್ಮಮ್ಮ, ಗಂಡನ ಮನೆಗೆ ಬಂದ ಮೇಲೆ ಇನ್ನೊಂದು ಹೆಸರು. ಇದು ಅಪರೂಪದ ಸಂಗತಿಯೇನಲ್ಲ.

ಲಿಪಿ ಬದಲಾದಾಗ ತೊಡಕು ಹೆಚ್ಚುತ್ತದೆ. ರೋಮನ್ ಲಿಪಿಯಲ್ಲಿ ‘ಕ್ಷ’ವನ್ನು ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ‘ಳ’ಕಾರ ‘ಲ’ಕಾರಗಳ, ‘ಣ’ಕಾರ ‘ನ’ಕಾರಗಳ ವ್ಯತ್ಯಾಸ ಅಲ್ಲಿ ಅಳಿದುಹೋಗುತ್ತದೆ. ಯಂತ್ರವು ಅದನ್ನು ಮರಳಿ ಕನ್ನಡಕ್ಕೆ ತಂದಾಗ ಕೆಂಪಣ್ಣ ‘ಕೆಂಪನ್ನ’ನಾಗುತ್ತಾನೆ, ಕಾಳಮ್ಮ ‘ಕಾಲಮ್ಮ’ಳಾಗುತ್ತಾಳೆ. ಆಧಾರ್, ಪಹಣಿ, ಬ್ಯಾಂಕ್ ಪುಸ್ತಕಗಳನ್ನು ಒಂದರೊಡನೊಂದು ತಾಳೆನೋಡುವ ವ್ಯವಸ್ಥೆಯಲ್ಲಿ ಇದು ಅಚ್ಚಿನ ದೋಷವಾಗಿ ಉಳಿಯುವುದಿಲ್ಲ. ವೃದ್ಧಾಪ್ಯ ವೇತನವೋ ಬೆಳೆ ಪರಿಹಾರವೋ ಬರುವುದು ನಿಲ್ಲುತ್ತದೆ. ಊರಿನ ಎದುರು ತಾನು ತಾನೇ ಎಂದು ಸಾಬೀತುಮಾಡಬೇಕಾಗಿಲ್ಲದ ವ್ಯಕ್ತಿ ಯಂತ್ರದ ಎದುರು ಅದಕ್ಕಾಗಿ ಪ್ರಮಾಣಪತ್ರ ಹೊತ್ತು ಅಲೆಯುತ್ತಾನೆ. ವಿದ್ಯುನ್ಮಾನ ಆಡಳಿತದ ಬೆಲೆ ಮತ್ತು ಹೊರೆ ಎರಡೂ ಇಂತಹ ವ್ಯಕ್ತಿಯ ಅನುಭವದಲ್ಲಿ ನಿಜವಾಗಿ ಅಳೆಯಲ್ಪಡುತ್ತವೆ.

ಈ ಪ್ರಶ್ನೆ ಕರ್ನಾಟಕಕ್ಕೆ ಸೀಮಿತವಾದುದಲ್ಲ. ಬೆಂಗಳೂರಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ ೨೦೧೮ರಲ್ಲಿ ಆರಂಭವಾದ ‘ಮೋಸಿಪ್’ ಎಂಬ ಮುಕ್ತ ತಂತ್ರಾಂಶ ವೇದಿಕೆಯನ್ನು ಮೊರಾಕೊ, ಫಿಲಿಪೀನ್ಸ್ ಮೊದಲಾದ ದೇಶಗಳು ತಮ್ಮ ಗುರುತು ವ್ಯವಸ್ಥೆಗಾಗಿ ಅಳವಡಿಸಿಕೊಂಡಿವೆ. ಪ್ರತಿಯೊಂದು ದೇಶ ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳಲು ಮುಕ್ತ ತಂತ್ರಾಂಶದಲ್ಲಿ ಅವಕಾಶವಿದೆ. ಆದರೆ ಏನನ್ನು ತಿದ್ದಬೇಕೆಂದು ತಿಳಿಯಲು ಆಯಾ ನಾಡಿನ ಹೆಸರಿಡುವ ಸಂಪ್ರದಾಯ, ಕುಟುಂಬದ ಕಲ್ಪನೆ, ವಯಸ್ಸನ್ನು ಎಣಿಸುವ ಬಗೆ ಇವುಗಳ ಅಧ್ಯಯನ ಬೇಕು.

೭. ಮಧ್ಯವರ್ತಿಯ ರೂಪಾಂತರ

ಮಧ್ಯವರ್ತಿಯನ್ನು ಇಲ್ಲವಾಗಿಸುವುದು ವಿದ್ಯುನ್ಮಾನ ಆಡಳಿತದ ಘೋಷಿತ ಗುರಿಗಳಲ್ಲೊಂದು. ಬೆಂಗಳೂರಿನಲ್ಲಿ ೨೦೦೫ರ ಏಪ್ರಿಲ್ ೨ರಂದು ಆರಂಭವಾದ ‘ಬೆಂಗಳೂರು ಒನ್’ ಕೇಂದ್ರಗಳು ವಿದ್ಯುತ್, ನೀರು, ತೆರಿಗೆಗಳ ಪಾವತಿಗಾಗಿ ಬೇರೆ ಬೇರೆ ಕಚೇರಿಗಳಿಗೆ ಅಲೆಯುವುದನ್ನು ತಪ್ಪಿಸಿದವು. ೨೦೧೧ರ ಸೇವಾ ಖಾತರಿ ಅಧಿನಿಯಮವನ್ನು ಆಧರಿಸಿ ೨೦೧೨ರ ಏಪ್ರಿಲ್ ೨ರಂದು ಜಾರಿಯಾದ ‘ಸಕಾಲ’ ಆರಂಭದಲ್ಲಿ ೧೧ ಇಲಾಖೆಗಳ ೧೫೧ ಸೇವೆಗಳಿಗೆ ಕಾಲಮಿತಿಯನ್ನು ವಿಧಿಸಿ, ತಡವಾದರೆ ಪರಿಹಾರ ಕೇಳುವ ಹಕ್ಕನ್ನು ನಾಗರಿಕನಿಗೆ ಕೊಟ್ಟಿತು. ಅನುಗ್ರಹವೆಂದು ಭಾವಿಸಲಾಗುತ್ತಿದ್ದ ಸೇವೆ ಹಕ್ಕಾಗಿ ಮಾರ್ಪಟ್ಟದ್ದು ಸಣ್ಣ ಬದಲಾವಣೆಯಲ್ಲ.

ಆದರೂ ಮಧ್ಯವರ್ತಿ ಹೋಗಿಲ್ಲ. ಅವನ ವೇಷ ಬದಲಾಗಿದೆ. ಶ್ಯಾನುಭೋಗ, ಅರ್ಜಿ ಬರೆಯುವವನು, ಪತ್ರಬರಹಗಾರ ಇವರ ಸಾಲಿಗೆ ಈಗ ಸೈಬರ್ ಅಂಗಡಿಯ ಹುಡುಗ ಸೇರಿದ್ದಾನೆ. ಪರದೆಯ ಭಾಷೆ ಅರಿಯದವರು, ಮೊಬೈಲಿಗೆ ಬರುವ ಗುಪ್ತಸಂಖ್ಯೆಯನ್ನು ಓದಲಾಗದವರು ಅವನನ್ನು ಅವಲಂಬಿಸುತ್ತಾರೆ. ಪತ್ರಬರಹಗಾರನಿಗೆ ಪರವಾನಗಿ, ದರಪಟ್ಟಿ, ಹೊಣೆಗಾರಿಕೆಗಳಿದ್ದವು. ಅವನು ಬರೆದುದನ್ನು ಪಕ್ಷಕಾರರಿಗೆ ಗಟ್ಟಿಯಾಗಿ ಓದಿಹೇಳುವ ರೂಢಿಯಿತ್ತು. ಕೇಳಿ ಒಪ್ಪಿದ ಮೇಲೆಯೇ ಹೆಬ್ಬೆಟ್ಟು. ಹೊಸ ಮಧ್ಯವರ್ತಿ ತುಂಬಿದ ನಮೂನೆಯನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ. ಓದಿಹೇಳುವ ಈ ಕ್ರಿಯೆಯೇ ಅಕ್ಷರವಂಚಿತರಿಗೆ ದಾಖಲೆಯ ಮೇಲಿದ್ದ ಕೊನೆಯ ಹಿಡಿತವಾಗಿತ್ತೆಂಬುದನ್ನು ವಿನ್ಯಾಸಕಾರರು ಗಮನಿಸಿದಂತೆ ತೋರುವುದಿಲ್ಲ.

ಇದನ್ನು ಗಮನಿಸಿದ ಒಂದು ಪ್ರಯತ್ನ ಮಲ್ಲೇಶ್ವರದ ಮಗ್ಗುಲಲ್ಲಿಯೇ ನಡೆದಿತ್ತು. ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಮಾಹಿತಿ ತಂತ್ರಜ್ಞಾನ ಎಂಬ ವಿಷಯವಾಗಿ ೧೯೯೮ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತಾರಾಷ್ಟ್ರೀಯ ವಿಚಾರಸಂಕಿರಣದ ಸಂದರ್ಭದಲ್ಲಿ ಮೊಳೆತ ಕಲ್ಪನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಖಾಸಗಿ ವಲಯದ ತಂತ್ರಜ್ಞರೂ ಕೂಡಿ ‘ಸಿಂಪ್ಯೂಟರ್’ ಆಗಿ ರೂಪಿಸಿ, ೨೦೦೧ರ ಏಪ್ರಿಲಿನಲ್ಲಿ ಅದರ ಮಾದರಿಯನ್ನು ಪ್ರದರ್ಶಿಸಿದರು. ಅಂಗೈಯಲ್ಲಿ ಹಿಡಿಯಬಹುದಾದ, ಭಾರತೀಯ ಭಾಷೆಗಳಲ್ಲಿ ಓದಿಹೇಳುವ, ಚಿಪ್ಪುಪಟ್ಟಿಯ ಮೂಲಕ ಹಲವರು ಹಂಚಿಕೊಳ್ಳಬಹುದಾದ ಸಾಧನವದು. ಅದು ೨೦೦೪ರಲ್ಲಿ ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಸಾಧನ ಸೋತರೂ ಯಂತ್ರ ಜನರೊಡನೆ ಮಾತನಾಡಬೇಕೆಂಬ ವಿಚಾರ ಸೋಲಲಿಲ್ಲ. ಕೇಂದ್ರ ಸರಕಾರ ೨೦೨೨ರಲ್ಲಿ ಆರಂಭಿಸಿದ ‘ಭಾಷಿಣಿ’ಯಂತಹ ಯೋಜನೆಗಳು ಅದೇ ದಿಕ್ಕಿನವು. ಆದರೆ ಯಂತ್ರ ಕಲಿಯುವ ಕನ್ನಡ ಯಾವುದು? ಗ್ರಂಥದ ಕನ್ನಡವನ್ನು ಮಾತ್ರ ಕಲಿತ ಯಂತ್ರಕ್ಕೆ ಚಾಮರಾಜನಗರದ ಅಥವಾ ಕಲಬುರಗಿಯ ಹಳ್ಳಿಯ ಮುದುಕಿಯ ಅಹವಾಲು ತಿಳಿಯಲಾರದು.

೮. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳನ್ನು ಸಂಗ್ರಹಿಸಬಹುದು. ಒಂದು, ಗಣಕೀಕರಣ ಬರೆದ ದಾಖಲೆಯನ್ನು ಭದ್ರಪಡಿಸುತ್ತದೆ. ಆದರೆ ಅದರ ಪಕ್ಕದಲ್ಲಿದ್ದ ಬಾಯಿಮಾತಿನ ದಾಖಲೆಯನ್ನು ಕಾಣದೆ ಹೋದರೆ ಹಳೆಯ ತಪ್ಪುಗಳೇ ಭದ್ರವಾಗುತ್ತವೆ. ಎರಡು, ಕಚೇರಿಯ ಕನ್ನಡ, ಹೊಲಗಳ ಹೆಸರು, ಚೆಕ್ಕುಬಂದಿಯ ನುಡಿಗಟ್ಟು, ನಾಮಪದ್ಧತಿ ಇವುಗಳ ಪ್ರಾದೇಶಿಕ ಕೋಶಗಳನ್ನು ಜಾನಪದ ವಿದ್ವಾಂಸರು ಸಿದ್ಧಪಡಿಸಿದರೆ ಅವು ವಿದ್ವತ್ತಿಗೆ ಮಾತ್ರವಲ್ಲದೆ ಆಡಳಿತಕ್ಕೂ ಉಪಕರಣಗಳಾಗುತ್ತವೆ. ಮೂರು, ದಾಖಲೆಯಲ್ಲಿ ವ್ಯಕ್ತಿಯ ರೂಢನಾಮಕ್ಕೂ ಹೊಲದ ಹೆಸರಿಗೂ ಒಂದು ಅಂಕಣವನ್ನು ಒದಗಿಸುವುದು ತಾಂತ್ರಿಕವಾಗಿ ದೊಡ್ಡ ಕೆಲಸವಲ್ಲ. ಅದರ ಪ್ರಯೋಜನ ದೊಡ್ಡದು. ನಾಲ್ಕು, ತುಂಬಿದ ನಮೂನೆಯನ್ನು ಅರ್ಜಿದಾರನಿಗೆ ಕನ್ನಡದಲ್ಲಿ ಓದಿಹೇಳುವುದನ್ನು ಸೇವಾಕೇಂದ್ರಗಳ ಕರ್ತವ್ಯವೆಂದು ವಿಧಿಸಬೇಕು. ಐದು, ಜಾನಪದ ಸಂಸ್ಥೆಗಳಲ್ಲಿರುವ ಧ್ವನಿಮುದ್ರಣಗಳನ್ನು, ಹಾಡಿದವರ ಮತ್ತು ಹೇಳಿದವರ ಒಪ್ಪಿಗೆ ಹಾಗೂ ಹಕ್ಕನ್ನು ಕಾಪಾಡಿಕೊಂಡು, ಆಡುಗನ್ನಡವನ್ನು ಯಂತ್ರಕ್ಕೆ ಕಲಿಸಲು ಬಳಸಬಹುದು.

ಬಟ್ಟೆಯ ಕಡತ ಹೋಗಿ ಕಾಗದದ ಕಡತ ಬಂದಾಗ, ಶ್ಯಾನುಭೋಗ ಹೋಗಿ ಗ್ರಾಮಲೆಕ್ಕಿಗ ಬಂದಾಗ ಸಮಾಜ ತನ್ನ ಬಾಯಿಮಾತಿನ ಬಲದಿಂದ ಹೊಸದಕ್ಕೆ ಹೊಂದಿಕೊಂಡಿತು. ಗಣಕದ ವಿಷಯದಲ್ಲಿ ಆ ಹೊಂದಾಣಿಕೆಯ ಹೊರೆಯನ್ನೆಲ್ಲ ಜನರ ಮೇಲೆ ಹೊರಿಸದೆ, ವ್ಯವಸ್ಥೆಯೂ ಜನರ ಕಡೆಗೆ ಅರ್ಧ ದಾರಿ ನಡೆದುಬರುವಂತೆ ಮಾಡುವುದು ತಂತ್ರಜ್ಞರ ಜೊತೆಗೆ ಭಾಷೆ ಮತ್ತು ಜಾನಪದ ಕ್ಷೇತ್ರಗಳಲ್ಲಿ ದುಡಿಯುವವರ ಹೊಣೆಯೂ ಆಗಿದೆ.